ಶ್ರೀಖಂಡದ ಮೇಲಿನ ಕಣಗಿಲೆ

ನನ್ನ ಅಕ್ಷರ ಕೋಳಿ ಕೆದರಿದಂತಿದೆ, ಮಾತುಗಳೂ ಸಾಲವು, ಕ್ಷಮಿಸಿರಿ. ಎಂಟನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು. ಕಂಡದ್ದನ್ನಷ್ಟೇ ಬರೆಯುತ್ತೇನೆ.

ದೇಶಪಾಂಡೆ ನಗರದ ನಿರುಪಮಾಬಾಯಿಯವರಿಗೆ ಅಡುಗೆ ಬರುವುದಿಲ್ಲ. ಮಾಡುವವಳು ನನ್ನಜ್ಜಿ ರುಕ್ಮವ್ವ, ಹೆಚ್ಚಿಕೊಡುವವಳು ನಾನು. ಬಾಯಿಯವರದು ಅಲಂಕಾರ. ಹೋದ ವರ್ಷ, 2004ರಲ್ಲಿ, ಯಾವುದೋ ಮಾಸಿಕದಲ್ಲಿ ತಟ್ಟೆಯ ಮೇಲೆ ಹೂವಿಟ್ಟ ಚಿತ್ರ ನೋಡಿದರು. ಕೆಳಗೆ ಬರೆದದ್ದನ್ನು ಓದಲಿಲ್ಲ, ಎಂ.ಎ. ಆದವರು ಓದಬೇಕಿಲ್ಲವೇನೋ. ಮಹಿಳಾ ಮಂಡಳದವರು ಬಂದಾಗ ಉಪ್ಪಿಟ್ಟಿನ ಮೇಲೆ ಪೇಟೆಯ ಸೇವಂತಿಗೆ ಉದುರಿಸಿದರು. ಕೀಟನಾಶಕ ಹೊಡೆದ ಹೂವದು. ಬಂದವರು ಹಲ್ಲಿನಲ್ಲಿ ಸಿಕ್ಕ ಎಸಳು ಕೀಳುತ್ತ "ಭಾಳ ಛಂದ" ಎಂದರು. ಅಜ್ಜಿ ಹಿತ್ತಲ ಕುಂಬಳ ಹೂವಿನ ಭಜಿ ಕರಿದರೆ ಅದು ಮಾತ್ರ ಅವರಿಗೆ ಹಳ್ಳಿ ಊಟ.

ಮೊನ್ನೆ ಬಾಯಿಯವರ ಮಗಳು ಋತುಜಾಳ ಲಗ್ನ ನಿಶ್ಚಯಿಸಲು ಬೀಗರು ಬಂದರು. ಹನ್ನೆರಡು ಬಟ್ಟಲು ಶ್ರೀಖಂಡ ತುಂಬಿಟ್ಟಿದ್ದೆವು. ಬಾಯಿಯವರು ಒಂದೊಂದರಲ್ಲೂ ಅಂಗಳದ ಕೆಂಪು ಕಣಗಿಲೆ ಊರಿದರು. ನಾನು ಬಟ್ಟಲುಗಳಿಗೆ ಕೈ ಅಡ್ಡ ಹಿಡಿದೆ.

"ಬಾಯಾರ, ಕಣಗಲ ವಿಷ ಐತ್ರಿ. ಅದರ ಎಲಿ ತಿಂದು ನಮ್ಮ ಆಡು ಸತ್ತಿತ್ರಿ."

"ಬೀಗರನ್ನ ಆಡಿಗೆ ಹೋಲಸ್ತೀಯೇನ? ದಿನಾ ಈಶ್ವರಗ ಏರಸೋ ಹೂವದು! ದೇವರಿಗೆ ನಡದದ್ದು ಮನುಷ್ಯಾರಿಗೆ ನಡ್ಯಂಗಿಲ್ಲೇನು? ಸಾಲಿ ಬಿಟ್ಟಾಕಿ ನನಗ ಪಾಠ ಹೇಳಲಿಕತ್ತಾಳ!"

ನಾನು ಬಾಗಿಲಿಗೆ ಅಡ್ಡ ನಿಂತೆ. ಅಜ್ಜಿ ಒಲೆಯ ಮುಂದಿನಿಂದ ಎದ್ದು ಬಂದಳು.

"ಈಶ್ವರ ಹಾಲಾಹಲಾನೂ ಕುಡದಾನ್ರಿ. ಬೀಗರಿಗೆ ಒಂದೊಂದ ಲೋಟಾ ಕೊಡೂಣೇನ್ರಿ?"

ಬಾಯಿಯವರ ಮುಖ ಕಪ್ಪಿಟ್ಟಿತು. "ಆತು, ಹೂವ ತಗದು ಕೊಡು."

"ದೇಟಿನ ಹಾಲು ಇಳದೈತ್ರಿ. ಒಂದ ಚಮಚಾನೂ ಬ್ಯಾಡ."

ಅಜ್ಜಿ ಹನ್ನೆರಡನ್ನೂ ಹಿತ್ತಲ ಗುಂಡಿಗೆ ಸುರಿದು, ನಾಯಿ ಮುಟ್ಟದಂತೆ ಮಣ್ಣು ಮುಚ್ಚಿದಳು. ಬೀಗರಿಗೆ ಚಹಾ, ಚೂಡಾ ಹೋಯಿತು. ಪಡಸಾಲೆಯಿಂದ ಬಾಯಿಯವರ ದನಿ ಕೇಳಿಸಿತು: "ಅಡಿಗಿಯಾಕಿ ಶ್ರೀಖಂಡ ಕೆಡಿಸಿಬಿಟ್ಲರಿ."

"ಅಯ್ಯ, ಇಂಥಾಕೀನ ಯಾಕ ಇಟಗೊಂಡೀರಿ?" ಎಂದರು ಜೀವ ಉಳಿಸಿಕೊಂಡ ಬೀಗಿತ್ತಿ.

ಅದನ್ನು ಕೇಳಿ ಅಜ್ಜಿ ನಕ್ಕಳು. ನನಗೆ ನಗು ಬರಲಿಲ್ಲ. ಬರುವ ಶನಿವಾರ ಬಾಯಿಯವರು ಮಂಡಳದಲ್ಲಿ ಹೂವಿನ ಅಡುಗೆ ಕಲಿಸುತ್ತಾರಂತೆ. ನಲವತ್ತು ಮನೆಯವರು ಬರೆದುಕೊಳ್ಳುತ್ತಾರೆ. ಮನೆ ಮನೆಯಲ್ಲೂ ಮಕ್ಕಳಿದ್ದಾರೆ. ವಿಷದ ಹೂವು, ಔಷಧಿ ಹೊಡೆದ ಹೂವು ತಿನ್ನಲಿಕ್ಕಲ್ಲ ಎಂದು ಅವರಿಗೆ ಯಾರು ಹೇಳಬೇಕು?

ನಾಳೆ ಬೆಳಿಗ್ಗೆ ಮಂಡಳದ ಕಾರ್ಯದರ್ಶಿ ಸುಮಲತಾ ಅವರ ಮನೆಗೆ ಹೋಗಿ ಈ ಹಾಳೆಯನ್ನು ಕೊಟ್ಟು ಬರುತ್ತೇನೆ.