ಎಡಗಡೆಯ ಗಾಜು ತೆಗೆದಿಡಿ

ಗಾಜು ಕತ್ತರಿಸುವವನಿಗೆ ಹತ್ತು ಬೆರಳೂ ನೆಟ್ಟಗಿರುವುದೇ ದೊಡ್ಡ ಸರ್ಟಿಫಿಕೇಟು. ನಮ್ಮ ಗಾಜಣ್ಣನಿಗೆ ನಲವತ್ತೊಂದು ವರ್ಷದ ಕೆಲಸದ ನಂತರವೂ ಹತ್ತಕ್ಕೆ ಹತ್ತೂ ಇದ್ದವು. ಅಪ್ಪ ಅಮ್ಮ ಇಟ್ಟ ಹೆಸರೊಂದು ಅವನಿಗಿತ್ತು. ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ.

ಬೆರಳೇನೋ ನೆಟ್ಟಗಿದ್ದವು, ತಲೆಯ ಮೇಲೇ ಅವನಿಗೆ ಈಚೆಗೆ ಗುಮಾನಿ. ಎರಡು ತಿಂಗಳ ಹಿಂದೆ ಒಬ್ಬರ ಬಚ್ಚಲಿನ ಕಿಟಕಿಗೆ ಮಬ್ಬು ಗಾಜಿನ ಬದಲು ತಿಳಿಗಾಜು ಕೂರಿಸಿ ಬಂದಿದ್ದ. ಆ ಮನೆಯ ಯಜಮಾನರು ಟವೆಲ್ ಸುತ್ತಿಕೊಂಡೇ ಅಂಗಡಿಗೆ ಓಡಿಬಂದರಂತೆ. ಟವೆಲ್ಲಿನ ಮಾತು ಬೀದಿಯವರು ಸೇರಿಸಿದ್ದು, ಗಾಜಿನ ಮಾತು ಮಾತ್ರ ನಿಜ. ಅದಾದ ಮೇಲೆ ಒಂದು ವ್ಯಾನಿನ ಅಳತೆಗೆ ಇನ್ನೊಂದು ವ್ಯಾನಿನ ಗಾಜು ಕತ್ತರಿಸಿದ. ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಮಗಳು ಆಗ ಹೆದರಿದಳು. ತಾಯಿ ಹೋದ ಮೇಲೆ ಮನೆಯಲ್ಲಿ ಉಳಿದವರು ಅವರಿಬ್ಬರೇ. ಗಾಜಿನ ಸಹವಾಸದಲ್ಲಿ ಮರೆವು ಬಂದರೆ ಕೈಯೇ ಹೋದೀತೆಂದು ಅವಳು ಅಪ್ಪನಿಂದ ಮಾತು ತೆಗೆದುಕೊಂಡಳು: ಇನ್ನೊಂದು ತಪ್ಪಾದರೆ ಅಂಗಡಿಯ ಬೀಗದ ಕೈ ಅವಳ ಕೈಗೆ. ಗಾಜಣ್ಣ ಹೂಂ ಅಂದ. ಅಂದ ದಿನದಿಂದ ಅವನಿಗೆ ಊಟ ಸೇರುತ್ತಿರಲಿಲ್ಲ.

ಹೀಗಿರುವಾಗ ಡಾಕ್ಟ್ರಮ್ಮನ ಕಾರು ಬಂತು. ಆಕೆ ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಕಾರಿಗೆ ಮಾತ್ರ ನಿವೃತ್ತಿ ಕೊಟ್ಟಿರಲಿಲ್ಲ. ಐವತ್ತು ವರ್ಷದ ನೀಲಿ ಕಾರು. ಬಾಗಿಲಿನ ಗಾಜುಗಳು ಈಗಿನವುಗಳಂತೆ ಬಾಗಿದವಲ್ಲ, ಹಲಗೆಯಂತೆ ಚಪ್ಪಟೆ. ಎಲ್ಲಿಂದಲೋ ಬಂದ ಚೆಂಡು ಬಡಿದು ಬಲಗಡೆಯ ಗಾಜು ಬಿರುಕು ಬಿಟ್ಟು, ಮೇಲಿನ ಮೂಲೆ ಉದುರಿತ್ತು. ಆ ಸಂದಿನಿಂದ ಮಳೆನೀರು ಒಳಗೆ ಹೋಗಿ ಸೀಟು ಮುಗ್ಗಲು ವಾಸನೆ ಹೊಡೆಯುತ್ತಿತ್ತು.

ಗಾಜಣ್ಣ ಬಿರುಕಿನ ಗಾಜಿಗೆ ಟೇಪು ಸುತ್ತಿ, ಇಡಿಯಾಗಿ ಹೊರಗೆಳೆದು, ಅದನ್ನೇ ಅಚ್ಚಾಗಿ ಇಟ್ಟುಕೊಂಡು ಹೊಸ ಗಾಜು ಕತ್ತರಿಸುತ್ತಿದ್ದ. ಆಗ ಫೋನು ಬಂತು.

“ಗಾಜಣ್ಣ, ಬಲಗಡೆ ಗ್ಲಾಸು ಹಾಕಿದ್ಮೇಲೆ ಎಡಗಡೆ ಗ್ಲಾಸು ತೆಗೆದಿಡಿ. ಮರೀಬೇಡಿ. ಸಾಯಂಕಾಲ ಐದಕ್ಕೆ ಬರ್ತೀನಿ,” ಎಂದು ಡಾಕ್ಟ್ರಮ್ಮ ಇಟ್ಟುಬಿಟ್ಟರು.

ಮರೆಯಬಾರದೆಂದು ಅಕ್ಷರ ಬಿಡದೆ ಚೀಟಿಯಲ್ಲಿ ಬರೆದುಕೊಂಡ. ಬರೆದು ಓದಿದ ಮೇಲೆ ಗೊಂದಲ ಶುರುವಾಯಿತು. ಎಡಗಡೆಯ ಗಾಜಿಗೆ ಏನಾಗಿದೆ? ಹೋಗಿ ನೋಡಿದ. ಕೂದಲೆಳೆಯಷ್ಟು ಗೀರೂ ಇಲ್ಲ. ಎರಡನ್ನೂ ಬದಲಿಸುವ ಮನಸ್ಸಿದ್ದರೆ ಇನ್ನೊಂದು ಕತ್ತರಿಸಿ ಅನ್ನಬೇಕಿತ್ತು. ಬರೀ ತೆಗೆದಿಟ್ಟು ಏನು ಮಾಡುತ್ತಾರೆ? ಕಾರು ಮಾರಿ ಗಾಜು ಇಟ್ಟುಕೊಳ್ಳುತ್ತಾರೆಯೇ? ಜೀವಮಾನವೆಲ್ಲ ಒಳಗಿದ್ದದ್ದನ್ನು ಹೊರಗೆ ತೆಗೆದು ಅಭ್ಯಾಸವಾದವರು, ಚೆನ್ನಾಗಿರುವುದನ್ನೂ ಒಮ್ಮೆ ತೆಗೆದು ನೋಡುವ ಆಸೆ ಇರಬಹುದೇ?

ಮೂರು ಸಲ ಫೋನು ಕೈಗೆತ್ತಿಕೊಂಡ, ಮೂರು ಸಲವೂ ಕೆಳಗಿಟ್ಟ. ಕೇಳಿದರೆ, ಹೇಳಿದ್ದು ಗಾಜಣ್ಣನ ತಲೆಗೆ ಹೋಗುತ್ತಿಲ್ಲ ಎಂಬ ಸುದ್ದಿ ಹುಟ್ಟುತ್ತದೆ. ಆ ಸುದ್ದಿ ಅಂಚೆ ಕಚೇರಿ ತಲುಪಲು ಅಂಚೆಚೀಟಿಯೂ ಬೇಕಿಲ್ಲ. ಬರೆದುಕೊಂಡಿದ್ದೇನೆ, ಬರೆದ ಹಾಗೆ ಮಾಡಿದರೆ ನನ್ನ ತಪ್ಪೇನಿದೆ ಎಂದು ಧೈರ್ಯ ತಂದುಕೊಂಡ.

ಬಲಗಡೆ ಹೊಸ ಗಾಜು ಕೂತಿತು. ಎಡಬಾಗಿಲಿನ ತಿರುಗಿಸುವ ಹಿಡಿ ಬಿಚ್ಚಿದ, ಒಳಗಿನ ರೆಕ್ಸಿನ್ ಹೊದಿಕೆ ಬಿಡಿಸಿದ. ಗಾಜು ಏರಿಳಿಯುವ ಸಂದಿನಲ್ಲಿದ್ದ ಹಳೆಯ ಉಣ್ಣೆಪಟ್ಟಿ ಮುಟ್ಟಿದ್ದೇ ತಡ ಪುಡಿಪುಡಿಯಾಯಿತು. ಐವತ್ತು ವರ್ಷ ಕೂತಲ್ಲೇ ಕೂತಿದ್ದ ಗಾಜನ್ನು ಉಸಿರು ಬಿಗಿಹಿಡಿದು ಮೇಲಕ್ಕೆತ್ತಿ, ಕಂಬಳಿಯಲ್ಲಿ ಸುತ್ತಿ ಗೋಡೆಗೆ ಒರಗಿಸಿದ. ಮಾಡಿದ್ದು ಸರಿ ಎಂದು ಚೀಟಿ ಹೇಳುತ್ತಿತ್ತು, ತಪ್ಪು ಎಂದು ಮನಸ್ಸು ಹೇಳುತ್ತಿತ್ತು.

ಐದು ಗಂಟೆಗೆ ಡಾಕ್ಟ್ರಮ್ಮ ಬಂದರು. ಗ್ರಹಚಾರಕ್ಕೆ ಮಗಳೂ ಕಚೇರಿ ಮುಗಿಸಿ ಆಗಲೇ ಬಂದಳು. ಡಾಕ್ಟ್ರಮ್ಮ ಹೊಸ ಗಾಜನ್ನು ಏರಿಸಿ ಇಳಿಸಿ ನೋಡಿ ತಲೆದೂಗಿದರು. ಆಚೆ ಬದಿಗೆ ಹೋದವರು ಬಾಗಿಲ ಮುಂದೆ ನಿಂತೇಬಿಟ್ಟರು.

“ಈ ಕಡೆ ಗ್ಲಾಸೆಲ್ಲಿ?”

“ತೆಗೆದಿಟ್ಟಿದೀನಲ್ಲಮ್ಮ, ನೀವು ಹೇಳಿದ ಹಾಗೆ.”

ಆಕೆ ಕಂಬಳಿಯ ಗಂಟನ್ನು ನೋಡಿದರು, ಗಾಜಣ್ಣನನ್ನು ನೋಡಿದರು. “ಅಯ್ಯೋ ಮಾರಾಯ್ರೆ, ನಾನಂದಿದ್ದು ಕೆಳಗಿಳಿಸಿಡಿ ಅಂತ. ಸೀಟಿಗೆ ಗಾಳಿಯಾಡ್ಲಿ ಅಂತ.”

ಹೇಳುತ್ತಲೇ ಅವರಿಗೆ ನಗು ಒತ್ತರಿಸಿಕೊಂಡು ಬಂತು. ವಾಸನೆಯಂತೂ ಪೂರ್ತಿ ಹೋಗಿದೆ ಎಂದು ಸಮಾಧಾನವನ್ನೂ ಹೇಳಿದರು. ಗಾಜಣ್ಣನಿಗೆ ನಗು ಬರಲಿಲ್ಲ, ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಜೇಬಿನಿಂದ ಬೀಗದ ಕೈ ತೆಗೆದು ಮಗಳ ಕೈಗೆ ಹಾಕಿದ. ಅವಳೂ ಇಟ್ಟುಕೊಂಡಳು.

ಆದರೂ ಗಾಜು ಕೂರಿಸಬೇಕಲ್ಲ. ಹೊಸ ಉಣ್ಣೆಪಟ್ಟಿ ಕತ್ತರಿಸಿ ಸಂದಿಗೆ ಒತ್ತಿದ. ಮಗಳು ಇನ್ನೊಂದು ಬದಿ ಹಿಡಿದು ನಿಂತು ಅಪ್ಪನ ಕೈಗಳನ್ನೇ ನೋಡುತ್ತಿದ್ದಳು. ಅವನ ಮುಖದಲ್ಲಿ ಗಾಬರಿ ತುಂಬಿತ್ತು, ಕೈಗಳಿಗೆ ಅದರ ಸುದ್ದಿಯೇ ಇರಲಿಲ್ಲ. ಬೆಳಕಿರುವಾಗಲೇ ಕಾರು ಹೊರಟಿತು, ಎಡಗಡೆಯ ಕಿಟಕಿ ಪೂರ್ತಿ ಕೆಳಗಿಳಿಸಿಕೊಂಡು.

ಆಮೇಲೆ ಅವಳು ಮೇಜಿನ ಮೇಲಿದ್ದ ಚೀಟಿ ಓದಿದಳು.

“ಸರಿಯಾಗೇ ಕೇಳಿಸ್ಕೊಂಡಿದೀಯ, ಸರಿಯಾಗೇ ಬರ್ದಿದೀಯ. ಅನುಮಾನ ಬಂದಾಗ ಒಂದು ಮಾತು ಕೇಳೋಕೇನಾಗಿತ್ತು?”

“ಕೇಳಿದ್ರೆ ನಂಗೆ ಅರ್ಥ ಆಗಿಲ್ಲ ಅಂತ ನಿಂಗೆ ಗೊತ್ತಾಗ್ತಿತ್ತಲ್ಲಮ್ಮ.”

ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ತಿರುಗಿ ನಿಂತು ಷಟರ್ ಎಳೆದಳು, ಬೀಗ ಹಾಕಿದಳು, ಬೀಗದ ಕೈಯನ್ನು ಚೀಲಕ್ಕೆ ಹಾಕಿಕೊಂಡಳು. ಇಬ್ಬರೂ ಮನೆಯ ಕಡೆ ಹೊರಟರು. ಹತ್ತು ಹೆಜ್ಜೆ ಹೋಗಿರಬೇಕು, ಅವಳು ಅಂದಳು:

“ನಾಳೆ ಅಂಗಡಿ ತೆಗೆದ್ಬಿಡಪ್ಪ.”

ಗಾಜಣ್ಣನಿಗೆ ಮತ್ತೆ ಅದೇ ಗೊಂದಲ. ಇದು ಯಾವ ತೆಗೆಯುವುದು? ಷಟರ್ ಎತ್ತುವುದೇ, ಬೋರ್ಡು ಇಳಿಸುವುದೇ? ಮಗಳ ಮುಖ ನೋಡಿದ, ಅಲ್ಲೂ ಗೊತ್ತಾಗಲಿಲ್ಲ. ಎಂದಿನಂತೆ ಹೂಂ ಅನ್ನಲು ಬಾಯಿ ತೆರೆದವನು ಅಲ್ಲೇ ನಿಂತುಬಿಟ್ಟ.

“ತೆಗೆಯೋದು ಅಂದ್ರೆ... ಹೇಗಮ್ಮ? ನಂಗೆ ಅರ್ಥ ಆಗ್ಲಿಲ್ಲ.”

ಅವಳಿಗೂ ಒಂದು ಕ್ಷಣ ತಿಳಿಯಲಿಲ್ಲ. ತಿಳಿದಾಗ ಕಣ್ಣು ತುಂಬಿ ಬಂತು. ಚೀಲದಿಂದ ಬೀಗದ ಕೈ ಹುಡುಕಿ ಅಪ್ಪನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ತಾನೇ ಮಡಿಸಿದಳು.

“ಮೇಲಕ್ಕೆ, ಅಪ್ಪ,” ಅಂದಳು. “ಎಂಟು ಗಂಟೆಗೆ, ಷಟರ್ ಮೇಲಕ್ಕೆ.”