ಹುಣಸೂರಿನಲ್ಲಿ ‘ಬುಡು’ ಎಂದರೆ

“ಬುಡಿ ಸೋಮಿ, ಬುಡಿ” ಎಂದು ಹಿಂದಿನಿಂದ ಕೂಗು ಬಂತು. ಸರಿ, ಬಿಟ್ಟೆ. ಚೆಂಡು ನನ್ನ ಪಕ್ಕದಲ್ಲೇ ಉರುಳಿಕೊಂಡು ಹೋಗಿ ಎದುರಾಳಿಯ ಕಾಲಿಗೆ ಸಿಕ್ಕಿತು. ಅಲ್ಲಿಂದ ನೇರ ನಮ್ಮ ಗೋಲಿಗೆ. ಹುಣಸೂರಿನಲ್ಲಿ ನಾನಾಡಿದ ಮೊದಲ ಪಂದ್ಯ ಅದು.

ಕೂಗಿದವನು ಜವರ, ನಮ್ಮ ತಂಡದ ನಾಯಕ. ಕಾಫಿ ಕಾರ್ಖಾನೆಯಲ್ಲಿ ಮೂಟೆ ಹೊರುವವನು. ಓಡಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. ಬೈಯುವ ಆಸೆ ಮುಖದ ತುಂಬ ಇತ್ತು, ಮರ್ಯಾದೆ ಅಡ್ಡ ಬಂತು.

“ಬುಡಿ ಅಂದ್ರೆ ಸುಮ್ಕೆ ನಿಂತ್ಕಬುಡೋದಾ ಸೋಮಿ? ಒಂದೇಟು ಬುಡಿ ಅಂದೆ ಕಣ್ರೀ. ಬಾರ್ಸಿ ಅಂತ.”

ಬೆಂಗಳೂರಿನ ಗೆಳೆಯರೇ, ನಗಬೇಡಿ. ನೀವಾಗಿದ್ದರೂ ಬಿಟ್ಟೇ ಬಿಡುತ್ತಿದ್ದಿರಿ. ದಂಡು ಪ್ರದೇಶದ ನಮ್ಮ ಸ್ಕೂಲಿನಲ್ಲಿ ಬಿಳಿಯ ಮೇಷ್ಟರು ಕಲಿಸಿದ್ದು ಅದನ್ನೇ ತಾನೆ? ಹಿಂದಿದ್ದವನು ‘ಲೀವ್ ಇಟ್’ ಎಂದರೆ ಚೆಂಡು ಅವನದು, ನೀನು ಸರಿದು ನಿಲ್ಲು. ಇಲ್ಲಿ ಅದೇ ಮಾತನ್ನು ಕನ್ನಡದಲ್ಲಿ ಕೂಗಿದರೆ ಅರ್ಥ ತಲೆಕೆಳಗು. ಮಾತೃಭಾಷೆಯೇ ನನಗೆ ಕೈಕೊಟ್ಟಿತೆಂದು ಆ ಸಂಜೆ ಸಿಟ್ಟಿನಿಂದ ಊಟ ಬಿಟ್ಟೆ.

ನಾನಿಲ್ಲಿಗೆ ಬಂದದ್ದು ಹೀಗೆ. ಅಪ್ಪ ತೀರಿಕೊಂಡ ಮೇಲೆ ಫೀಜು ಕಟ್ಟುವವರಿಲ್ಲದೆ ಸ್ಕೂಲು ನಿಂತಿತು. ಕಾರ್ಖಾನೆಯ ದೊರೆ ಬೆಂಗಳೂರಿನಲ್ಲಿ ನನ್ನ ಆಟ ನೋಡಿ ಮೆಚ್ಚಿದ್ದರು, ಕರೆಸಿಕೊಂಡರು. ಹೆಸರಿಗೆ ಗುಮಾಸ್ತ, ಸಂಬಳ ಮಾತ್ರ ಚೆಂಡಾಟಕ್ಕೆ. ದೊಡ್ಡಮನುಷ್ಯರು ಸುಮ್ಮನೆ ಆಡುತ್ತಾರೆ, ಸಂಬಳಕ್ಕೆ ಆಡುವವನು ಕೂಲಿ ಎಂಬುದು ನಮ್ಮ ಸ್ಕೂಲಿನ ವೇದವಾಕ್ಯ. ವರ್ಷಗಟ್ಟಲೆ ನನ್ನ ಪಕ್ಕದಲ್ಲೇ ಕೂತ ಶ್ರೀಕಂಠ, ನಾನು ಹೊರಟ ದಿನ ಸ್ಟೇಷನ್ನಿಗೂ ಬರಲಿಲ್ಲ. ಇಲ್ಲಿ ನೋಡಿದರೆ ನಿಜವಾದ ಕೂಲಿಗಳು ನನ್ನನ್ನು ‘ಸೋಮಿ’ ಎನ್ನುತ್ತಾರೆ. ಸ್ವಾಮಿ ಎನ್ನುವುದರ ಹುಣಸೂರು ರೂಪ ಅದು. ಅಲ್ಲಿ ಕೂಲಿ, ಇಲ್ಲಿ ಸೋಮಿ. ನನಗೆ ಎರಡೂ ಹೊಂದುವುದಿಲ್ಲ.

ಆ ಗೋಲು ಆದ ಮೇಲೆ ನನಗೆ ಯಾರೂ ಚೆಂಡು ಕೊಡಲಿಲ್ಲ. ಮೈದಾನದ ತುಂಬ ಓಡುತ್ತಿದ್ದೆ, ಚೆಂಡು ಮಾತ್ರ ನನ್ನನ್ನು ಸುತ್ತುಬಳಸಿ ಹೋಗುತ್ತಿತ್ತು. ಆಡದ ಆಟಗಾರನನ್ನು ದೊರೆ ಎಷ್ಟು ದಿನ ಇಟ್ಟುಕೊಂಡಾರು? ಹಿಂತಿರುಗಿದರೆ ನನಗೆ ಸ್ಕೂಲೂ ಇಲ್ಲ, ಕೆಲಸವೂ ಇಲ್ಲ. ಭಯವಾಗುತ್ತಿತ್ತು.

ನನಗೆ ಬಾಡಿಗೆಗೆ ಸಿಕ್ಕಿದ್ದು ಪುಟ್ಟಮ್ಮನ ಮನೆಯ ಹಿಂದಿನ ಕೋಣೆ. ಆಕೆ ಕಾರ್ಖಾನೆಯಲ್ಲಿ ಕಾಫಿಬೀಜ ಆರಿಸುವ ಹೆಂಗಸು. ಬೆಳಗಿನ ಜಾವ ಕೊಡಗಿನಿಂದ ಇಳಿದು ಬರುವ ಗಾಡಿಗಳ ಗಂಟೆ ನಿದ್ದೆಯೊಳಗೇ ಕೇಳುತ್ತದೆ. ಲಕ್ಷ್ಮಣತೀರ್ಥ ಹೊಳೆಯ ಮಂಜು ಬೀದಿಗೆ ಬಂದು ನಿಂತರೆ ಎದುರು ಮನೆಯೂ ಇಲ್ಲ, ಬೆಂಗಳೂರೂ ಇಲ್ಲ. ಆ ಮಂಜಿನಲ್ಲಿ ಎಷ್ಟೋ ಸಲ ನಾನು ಸ್ಕೂಲಿನ ಗಂಟೆ ಹೊಡೆಯಿತೆಂದು ಎದ್ದು ಕೂತಿದ್ದೇನೆ. ಎತ್ತಿನ ಕೊರಳು ಅಲುಗಿರುತ್ತಿತ್ತು, ಅಷ್ಟೆ.

ಒಂದು ದಿನ ಪುಟ್ಟಮ್ಮ ಕಳಲೆ ಸಾರು ಬಡಿಸಿದಳು. ಕಾಕನಕೋಟೆಯ ಕಾಡಿನಿಂದ ತಂದ ಎಳೆ ಬಿದಿರು. ಬಿದಿರನ್ನೂ ತಿನ್ನುತ್ತಾರೆಯೇ ಎಂದು ನೋಡುತ್ತ ಕೂತೆ. ಆಕೆ ಒಲೆಯ ಬಳಿ ಒಣಗುತ್ತಿದ್ದ ನನ್ನ ಬೂಟನ್ನು ನೋಡುತ್ತಿದ್ದಳು.

“ಅವ್ರು ಚೆಂಡು ಕೊಡಾಕಿಲ್ಲ ಅಂತ ಕೊರಗ್ತೀಯಲ್ಲ ಮಗ, ಇದನ್ನ ಆಕ್ಕಂಡು ನುಗ್ಗಿದ್ರೆ ಯಾರ್ ತಾನೆ ಅತ್ರ ಬತ್ತಾರೆ? ಅವ್ರದು ಬರಿಗಾಲು. ನೀನು ತುಳಿದ್ರೆ ನಾಳೆ ಮೂಟೆ ಒರೋರು ಯಾರು?”

ತಲೆಯ ಮೇಲೆ ತಣ್ಣೀರು ಸುರಿದಂತಾಯಿತು. ನನಗೆ ಕಾಲು ಆಡುವುದಕ್ಕೆ, ಅವರಿಗೆ ಕಾಲು ಅನ್ನಕ್ಕೆ. ಮರುದಿನ ಬೂಟು ಕಳಚಿದೆ. ಮೊದಮೊದಲು ಕಲ್ಲು ಚುಚ್ಚಿ ಕಣ್ಣಲ್ಲಿ ನೀರು ಬರುತ್ತಿತ್ತು. ಆಮೇಲೆ ಇಬ್ಬನಿಯ ಹುಲ್ಲಿನ ಮೇಲೆ ಓಡುವಾಗ ನೆಲವೇ ನನ್ನನ್ನು ಎತ್ತಿ ಮುಂದಿಡುತ್ತಿದೆ ಎನಿಸತೊಡಗಿತು. ಚೆಂಡು ಬರತೊಡಗಿತು, ಹೆದರಿ ಹೆದರಿ, “ತಕಳಿ ಸೋಮಿ” ಎಂಬ ಮರ್ಯಾದೆಯೊಂದಿಗೆ.

ಅಷ್ಟರಲ್ಲಿ ದೊರೆಯ ಅತಿಥಿಗಳಾಗಿ ನಮ್ಮ ಸ್ಕೂಲಿನ ಹಳೆಯ ಹುಡುಗರ ತಂಡವೇ ಹುಣಸೂರಿಗೆ ಆಡಲು ಬಂತು. ನಿನ್ನನ್ನು ಇಟ್ಟುಕೊಳ್ಳುವುದೋ ಕಳಿಸುವುದೋ ಇವತ್ತು ತಿಳಿಯುತ್ತದೆ ಎಂದರು ದೊರೆ. ಎದುರು ತಂಡದಲ್ಲಿ ಶ್ರೀಕಂಠ ಇದ್ದ. ನನ್ನ ಬರಿಗಾಲು ನೋಡಿ ಕತ್ತು ತಿರುಗಿಸಿಕೊಂಡ.

ಎರಡೂ ಕಡೆ ಸಮ ಗೋಲು. ಆಟ ಮುಗಿಯುತ್ತ ಬಂದಾಗ ಚೆಂಡು ಪುಟಿದು ನನ್ನ ಮುಂದೆ ಬಿತ್ತು. ಬೆನ್ನಹಿಂದೆ ಒಂದು ದನಿ: “ಲೀವ್ ಇಟ್, ಚಂದ್ರು!” ಶ್ರೀಕಂಠನದು. ಸ್ಕೂಲಿನ ವರ್ಷಗಳುದ್ದಕ್ಕೂ ನಾನು ನಂಬಿದ ದನಿ. ನನ್ನನ್ನು ಮೋಸಗೊಳಿಸಲೆಂದೇ ಕೂಗಿದ್ದ. ಕಾಲು ತಡೆಯಿತು ಕೂಡ. ಅದೇ ಗಳಿಗೆಗೆ ಇನ್ನೊಂದು ದನಿ:

“ಬುಡ್ಲಾ ಚಂದ್ರಾ!”

ಇಬ್ಬರೂ ಹೇಳಿದ್ದು ಒಂದೇ ಮಾತು. ನಾನು ಜವರನ ಮಾತು ಕೇಳಿದೆ. ಚೆಂಡು ಗೋಲಿನೊಳಕ್ಕೆ ಹೋಯಿತು.

ಶ್ರೀಕಂಠ ನಗುತ್ತ ಬಂದ. “ಕರೆದೆನಲ್ಲ, ಕೇಳಿಸಲಿಲ್ಲವೇನೋ?” ಎಂದ, ಕನ್ನಡದಲ್ಲಿ. ಸ್ಕೂಲಿನಲ್ಲಿ ಒಂದು ದಿನವೂ ಅವನು ನನ್ನೊಡನೆ ಕನ್ನಡವಾಡಿದವನಲ್ಲ. ಅವನ ಕನ್ನಡವೇನಿದ್ದರೂ ಅಡುಗೆಯವನಿಗೆ, ಕುದುರೆಯವನಿಗೆ. ಗೆದ್ದಿದ್ದೆ, ಕೆಲಸವೂ ಉಳಿದಿತ್ತು, ಆದರೂ ಎದೆಯಲ್ಲಿ ಏನೋ ಮುರಿಯಿತು. ಅವನು ದೊರೆಯ ಬಂಗಲೆಗೆ ಟೀ ಕುಡಿಯಲು ಹೋದ. ನನ್ನನ್ನು ಕರೆಯಲಿಲ್ಲ.

ಹುಣಸೆಮರದ ಕೆಳಗೆ ನಮ್ಮವರು ಬೆಲ್ಲದ ಕಾಫಿ ಕುಡಿಯುತ್ತಿದ್ದರು. ನಾನು ಹೋದೊಡನೆ ಜವರ ಎದ್ದು ನಿಂತ.

“ತಪ್ಪಾಯ್ತು ಸೋಮಿ. ಆಟದ ಬಿರುಸ್ನಲ್ಲಿ ‘ಲಾ’ ಅಂದ್ಬುಟ್ಟೆ, ಬಾಯಿ ಜಾರ್ತು.”

“ಇನ್ನೂ ಜಾರಲಿ ಬುಡು” ಎಂದೆ. ಎಲ್ಲರೂ ನಕ್ಕರು. ಆದರೆ ಲೋಟ ಮಾತ್ರ ನನಗೆಂದು ಬೇರೆಯದೇ ಬಂತು. ಮೈದಾನದೊಳಗೆ ನಾನು ಚಂದ್ರ, ಹೊರಗೆ ಬಂದರೆ ಇವತ್ತಿಗೂ ಸೋಮಿ.

ಗೌರಿ ಹಬ್ಬಕ್ಕೆ ಬೆಂಗಳೂರಿಗೆ ಬಂದಿದ್ದೆ. ನನ್ನ ಒಡೆದ ಅಂಗಾಲು ನೋಡಿ ಅಮ್ಮ ಅತ್ತಳು. “ಸಾಕು ಕಂದ, ಆ ಊರು ಬಿಡು” ಎಂದಳು. ಅವಳು ಹೇಳಿದ್ದು ಯಾವ ಬಿಡು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಚಾಪೆಯ ಮೇಲಿದ್ದ ನನ್ನ ಬಲಗಾಲು, ಒದೆಯಲೆಂದು ತಾನಾಗಿ ಹಿಂದಕ್ಕೆ ಸರಿಯಿತು.