ಹನ್ನೆರಡನೆಯ ಕಟ್ಟು

ಏಪ್ರಿಲ್ ಇಪ್ಪತ್ತೆರಡು, ಬೆಳಿಗ್ಗೆ ಹತ್ತೂ ಇಪ್ಪತ್ತು. ಐದನೆಯ ಇಯತ್ತೆಯ ರಜೆಯಲ್ಲಿ ನಾನಿಟ್ಟ ಡೈರಿಯಲ್ಲಿ ಆ ದಿನದ ಕೆಳಗೆ ಮರಾಠಿಯಲ್ಲಿ ಹೀಗಿದೆ: "ಜಮಖಂಡಿ ಕಡೆಯವರು ಬಂದರು. ದೊಡ್ಡವರು ಇಬ್ಬರು, ಹುಡುಗಿ ಒಬ್ಬಳು, ಚೀಲ ಮೂರು."

ಆಗ ನಾವು ಮಿರಜಿನಲ್ಲಿದ್ದೆವು. ದವಾಖಾನೆಯ ಸುತ್ತಲಿನ ಓಣಿಗಳಲ್ಲಿ ಆ ದಿನಗಳಲ್ಲಿ ಬಹಳ ಮಂದಿ ಮುಂದಿನ ಖೋಲಿಯನ್ನು ರೋಗಿಗಳ ಮನೆಯವರಿಗೆ ಬಾಡಿಗೆಗೆ ಕೊಡುತ್ತಿದ್ದರು. ನಮ್ಮದೂ ಅಂಥದೇ ಮನೆ. ಎದುರಿಗೆ ಸಿತಾರ್ ಮಾಡುವವರ ಅಂಗಡಿ. ಸಿತಾರಿನ ಬುರುಡೆಗೆಂದು ಬಿಸಿಲಿಗೆ ಸಾಲಾಗಿ ಇಟ್ಟ ಒಣ ಕುಂಬಳಕಾಯಿ, ಮೆರುಗೆಣ್ಣೆಯ ವಾಸನೆ, ಗಾಳಿ ತಿರುಗಿದರೆ ಫಿನಾಯಿಲಿನ ವಾಸನೆ. ಬಂದವರು ಎರಡು ವಾರ, ಮೂರು ವಾರ ಇದ್ದು ಹೋಗುತ್ತಿದ್ದರು. ಅವರ ಮಕ್ಕಳೊಂದಿಗೆ ಕುಂಟಾಟ ಆಡುತ್ತಿದ್ದೆ. ಅವರು ಹೋದ ಮೇಲೆ ಡೈರಿಯಲ್ಲಿ ಹೆಸರಿನ ಮುಂದೆ ಗೆರೆ ಎಳೆಯುತ್ತಿದ್ದೆ.

ಆ ಸಲ ಬಂದ ಹುಡುಗಿ ರೇಣುಕಾ ಆಡಲು ಬರಲಿಲ್ಲ. ಅವಳ ಅಪ್ಪನಿಗೆ ಆಪರೇಶನ್ ಇತ್ತು. ಓದಲು ಏನಾದರೂ ಬೇಕು ಎಂದಳು. ನನ್ನ ಅಜ್ಜಿಯ ಪೆಟ್ಟಿಗೆಯಲ್ಲಿ ಒಂದು ಕನ್ನಡ ಕಾದಂಬರಿ ಇತ್ತು. ರಟ್ಟಿಲ್ಲ, ಹೆಸರಿನ ಪುಟವಿಲ್ಲ. ಹೊಲಿಗೆಯ ದಾರ ಹರಿದು ಹದಿನಾರು ಹದಿನಾರು ಪುಟದ ಕಟ್ಟುಗಳಾಗಿ ಬಿಚ್ಚಿಕೊಂಡಿತ್ತು. ಎಣಿಸಿ ಕೊಟ್ಟೆ: ಹದಿಮೂರು ಕಟ್ಟು.

"ನೀ ಓದೀಯೇನ ಇದನ್ನ?" ಎಂದು ಕೇಳಿದಳು.

"ನನಗ ಕನ್ನಡ ಓದಾಕ ಬರಂಗಿಲ್ಲ. ನಮ್ಮ ಸಾಲಿ ಮರಾಠಿ."

"ಮನ್ಯಾಗ ದಿನಾ ಕನ್ನಡಾ ಮಾತಾಡ್ತೀರಿ, ಅಕ್ಷರ ಬರಂಗಿಲ್ಲಂದ್ರ? ಬಾ, ಕುಂದರು. ನಾಚಿಗಿಲ್ದಾಕಿ."

ಕುಳಿತೆ. ದೋಣಿಯವನ ಮಗಳೊಬ್ಬಳು, ನದಿ ದಾಟಿ ಹೋಗಿ ಮರಳದ ಅಣ್ಣನನ್ನು ಹುಡುಕುತ್ತಾ ಹೊರಡುವ ಕತೆ. ರೇಣುಕಾ ಖಾರದ ಚುರುಮುರಿ ಭಡಂಗ ತಿನ್ನುತ್ತಾ ಓದುತ್ತಿದ್ದಳು, ಬೆರಳಿನ ಎಣ್ಣೆ ಪುಟಕ್ಕೆ ಇಳಿಯುತ್ತಿತ್ತು. ಮೊದಲು ಅಕ್ಷರ ತೋರಿಸಿದಳು, ಆಮೇಲೆ ಪದ, ಆಮೇಲೆ ಸಾಲು. ಹತ್ತೊಂಬತ್ತು ದಿನದಲ್ಲಿ ಆರು ಕಟ್ಟು ಮುಗಿದವು. ಆರನೆಯದರ ಕೊನೆಯ ಪುಟವನ್ನು ನಾನೊಬ್ಬಳೇ ಓದಿದೆ. ನಲವತ್ತು ನಿಮಿಷ ಹಿಡಿಯಿತು.

ಅವಳ ಅಪ್ಪನನ್ನು ಮನೆಗೆ ಬಿಟ್ಟರು. ಉಳಿದ ಏಳು ಕಟ್ಟನ್ನು ಅವಳು ಒಯ್ಯುವುದೆಂದು ಠರಾವಾಯಿತು. ಒಂದನ್ನು ಓದಿ, ಪತ್ರದ ಜೊತೆ ನನಗೆ ಟಪಾಲಿಗೆ ಹಾಕಬೇಕು. ನಾನು ಓದಿ ಕನ್ನಡದಲ್ಲಿ ಉತ್ತರ ಬರೆಯಬೇಕು. ನನ್ನ ಉತ್ತರ ಮುಟ್ಟಿದ ಮೇಲೆಯೇ ಮುಂದಿನ ಕಟ್ಟು.

"ಪಾಳಿ ತಪ್ಪಬಾರದು," ಎಂದೆ.

"ನಿನ್ನ ವಹಿ ನೋಡಿದ್ರ ನೀ ಮುಂದ ಊರ ಲೆಕ್ಕ ಬರಿಯೋ ತಲಾಠಿನಽ ಆಗಾಕಿ," ಎಂದು ನಕ್ಕಳು.

ಏಳು, ಎಂಟು, ಒಂಬತ್ತು, ಹತ್ತು, ಹನ್ನೊಂದು: ಐದು ಕಟ್ಟು ಬಂದವು. ಪುಟಗಳ ನಡುವೆ ಜೋಳದ ಹಿಟ್ಟಿನ ಪುಡಿ ಇರುತ್ತಿತ್ತು. ನನ್ನ ಮೊದಲ ಉತ್ತರ ಹನ್ನೊಂದು ಸಾಲು, ಎರಡು ಸಂಜೆಯ ಕೆಲಸ. "ಓದಿ ನಕ್ಕೇನಿ, ಆದ್ರ ಎಲ್ಲಾ ತಿಳೀತು. ಇನ್ನೂ ಉದ್ದ ಬರಿ," ಎಂದು ಬರೆದಿದ್ದಳು. ಐದನೆಯ ಉತ್ತರ ಮೂರು ಪುಟವಾಗಿತ್ತು.

ಹನ್ನೊಂದನೆಯ ಕಟ್ಟಿನ ಕೊನೆಗೆ ದೋಣಿಯವನ ಮಗಳು ಅಣ್ಣನ ಮನೆಯ ಕದದ ಮುಂದೆ ನಿಂತು ಚಿಲಕಕ್ಕೆ ಕೈ ಎತ್ತುತ್ತಾಳೆ. ಹನ್ನೆರಡನೆಯದು ಬರಲಿಲ್ಲ. ಡೈರಿಯಲ್ಲಿ ಮೂವತ್ತನಾಲ್ಕು ದಿನ ಸೊನ್ನೆ ಬರೆದೆ. ಮಳೆ ಜೋರಿತ್ತು. ಟಪಾಲಿನವ ಕೊಡೆ ಮಡಚದೇ ಮುಂದಿನ ಮನೆಗೆ ಹೋಗುತ್ತಿದ್ದ.

ಮೂವತ್ತೈದನೆಯ ದಿನ ರೇಣುಕಾಳ ತಾಯಿ ಬಂದಳು. ಗಂಡನನ್ನು ಕೊನೆಯ ತಪಾಸಣೆಗೆ ಕರೆತಂದಿದ್ದಳು. ಅವಳಿಗೆ ನಾನು ಮಾವಶಿ ಎನ್ನುತ್ತಿದ್ದೆ. ಕೈಯಲ್ಲಿ ಶೇಂಗಾ ಚಟ್ನಿಯ ಪೊಟ್ಟಣ.

"ರೇಣಿನಽ ಕುಟ್ಯಾಳ, ನಿನಗಂತ. ಪತ್ರ ಯಾಕ ಬರಿವಲ್ಲಿ ಪದ್ದಿ? ದಿನಾ ದಾರಿ ನೋಡ್ತಾಳ."

"ಪಾಳಿ ಆಕಿದು ಮಾವಶಿ. ಹನ್ನೆರಡನೇದು ಬಂದಿಲ್ಲ."

"ಕಳಿಸ್ಯಾಳಲ್ಲವಾ! ನಾನಽ ಜೋಡಿ ಹೋಗಿ ಡಬ್ಬಿಗೆ ಹಾಕೇನಿ."

"ಐದು ಬಂದಾವು. ಇದೊಂದಽ ಹೆಂಗ ಬರಂಗಿಲ್ಲ?"

"ಪದ್ದೀ! ದೊಡ್ಡವರಿಗೆ ಹಿಂಗ ಅಂತಾರೇನ?" ಒಳಗಿನಿಂದ ಆಯಿ, ನನ್ನ ತಾಯಿ, ಗದರಿದಳು.

ಕದ ತೆರೆಯುವ ಪುಟ ಅದರಲ್ಲೇ ಇರಬೇಕು, ಅದಕ್ಕೇ ರೇಣುಕಾ ತಾನೇ ಇಟ್ಟುಕೊಂಡಿದ್ದಾಳೆ, ತಾಯಿಗೂ ಸುಳ್ಳು ಕಲಿಸಿದ್ದಾಳೆ ಎಂದುಕೊಂಡೆ. ಡೈರಿಯ ಹಾಳೆ ಹರಿದು ಬರೆದೆ: "ನಿನ್ನವು ಐದು. ನನ್ನವು ಐದು. ಪಾಳಿ ನಿಂದು." ಹೆಸರನ್ನೂ ಹಾಕಲಿಲ್ಲ.

ಮಾವಶಿಗೆ ಓದಲು ಬರುತ್ತಿರಲಿಲ್ಲ. ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ನನ್ನ ಗಲ್ಲ ಸವರಿದಳು. "ಬರದಿ ನೋಡು, ಶಾಣ್ಯಾಕಿ. ಭಾಳ ಖುಷಿ ಆಗ್ತಾಳ."

ಅಂದು ಊಟಕ್ಕೆ ಆ ಚಟ್ನಿಯನ್ನು ಎರಡು ಸಲ ಹಾಕಿಸಿಕೊಂಡೆ. ಅದೂ ಡೈರಿಯಲ್ಲಿದೆ.

ಆಮೇಲೆ ಏನೂ ಬರಲಿಲ್ಲ. ಮರುವರ್ಷ ನಾವು ಮಿರಜ ಬಿಟ್ಟು ವಿಶ್ರಾಮಬಾಗಕ್ಕೆ ಬಂದೆವು. ಹತ್ತನೆಯಲ್ಲಿದ್ದಾಗ ಒಂದು ಪತ್ರ ಹಾಕಿದೆ, ಕಾಲೇಜಿನಲ್ಲಿ ಎರಡು. ಒಂದು ತಿರುಗಿ ಬಂತು. ಎರಡರ ಸುದ್ದಿ ಇಲ್ಲ. ಟಪಾಲಿನಲ್ಲಿ ಪತ್ರ ಕಳೆದುಹೋಗುತ್ತದೆ ಎಂಬ ಸಾದಾ ಮಾತು ಹತ್ತು ವರ್ಷದ ನನಗೆ ಯಾಕೆ ಹೊಳೆಯಲಿಲ್ಲವೋ. ಹೊಳೆದಿದ್ದರೂ ಆ ಚೀಟಿ ಬರೆಯುತ್ತಿದ್ದೆನೇ ಎಂದು ಈಗ ಕೇಳಿಕೊಳ್ಳುವಷ್ಟು ಚೈತನ್ಯವಿಲ್ಲ.

ಅಜ್ಜಿ ಹೋದಳು. ಆಯಿಯ ಜೊತೆ ಈಗ ಅರ್ಧ ಮಾತು ಮರಾಠಿಯಲ್ಲೇ. ಡೈರಿ ಇನ್ನೂ ಬರೆಯುತ್ತೇನೆ. ಹೋದ ವರ್ಷ ನಾನು ಓದಿದ ಕನ್ನಡ ಪುಟ ನಾಲ್ಕು, ಬಂದ ಪತ್ರ ಸೊನ್ನೆ. ಇದನ್ನು ಬರೆಯಲು ಆರು ಸಂಜೆ ಬೇಕಾಯಿತು; ಅವಳು ಕಲಿಸಿದ ಅಕ್ಷರಗಳೇ, ತುಕ್ಕು ಹಿಡಿದಿವೆ. ಹನ್ನೊಂದು ಕಟ್ಟುಗಳು ನನ್ನ ಬಳಿ ಇವೆ. ಹದಿಮೂರನೆಯದು ಅವಳಲ್ಲಿರಬೇಕು.

ದೋಣಿಯವನ ಮಗಳು ಕದ ತಟ್ಟಿದ ಮೇಲೆ ಏನಾಯಿತೆಂದು ಬಲ್ಲವರು ದಯವಿಟ್ಟು ಬರೆಯಿರಿ. ಜಮಖಂಡಿ ಕಡೆಯ ರೇಣುಕಾಳನ್ನು, ಮಿರಜಿನ ದವಾಖಾನೆಯ ಓಣಿಯಲ್ಲಿ ಹತ್ತೊಂಬತ್ತು ದಿನ ಇದ್ದವಳನ್ನು, ಬಲ್ಲವರು ಮೊದಲು ಬರೆಯಿರಿ. ಅವಳಿಗೂ ತಿಳಿಸಿ, ಪಾಳಿ ನನ್ನದೇ ಇತ್ತು ಎಂದು.